ಐದು ಟಾರ್ಪಿಡೊ, ನೂರಾ ಹನ್ನೆರಡು ಪೆನ್ಸಿಲ್

ಹೋದ ವರ್ಷ ದೀಪಾವಳಿ ಮುಗಿದ ವಾರ ಮಗಳ ಶಾಲೆಯಿಂದ ಫೋನ್ ಬಂತು. ‘ಡಿಸೆಂಬರ್ 4 ನೌಕಾಪಡೆ ದಿನ ಅಲ್ರಿ, ನೀವು ನೇವಿಯಾಗ ಇದ್ದವರು, ಹುಡುಗರಿಗೆ ಏನರ ಮಾಡಿ ತೋರಸ್ರಿ’ ಅಂದರು ಹೆಡ್ ಮಾಸ್ತರು. ಭಾಷಣಕ್ಕೆ ನನಗೆ ಮನಸ್ಸಿರಲಿಲ್ಲ. ವಿಜಯಪುರದಲ್ಲಿ ನಿಂತು ಸಮುದ್ರದ ಮೇಲೆ ಭಾಷಣ ಬಿಗಿದರೆ ಹುಡುಗರು ಆಕಳಿಸದೆ ಇನ್ನೇನು ಮಾಡ್ಯಾರು? ಅವರಲ್ಲಿ ಮುಕ್ಕಾಲು ಮಂದಿ ನೋಡಿದ ದೊಡ್ಡ ನೀರು ಅಂದರೆ ಆಲಮಟ್ಟಿಯ ಹಿನ್ನೀರು. ನಾನೂ ಹಾಗೇ ಇದ್ದವನು. 1993ರಲ್ಲಿ ಇಂಡಿ ತಾಲ್ಲೂಕಿನ ಕಡೆಯಿಂದ ಟ್ರಂಕು ಹೊತ್ತು ಒಡಿಶಾದ ಚಿಲ್ಕಾ ತರಬೇತಿ ಕೇಂದ್ರಕ್ಕೆ ಹೋದಾಗ ಈಜು ಕಲಿತದ್ದು ನಮ್ಮ ಹೊಲದ ಬಾವಿಯಲ್ಲಿ ಮಾತ್ರ.

ಅಲ್ಲಿಂದ ಮುಂದೆ ಇಪ್ಪತ್ತೆರಡು ವರ್ಷ ಹಡಗಿಗಿಂತ ಹೆಚ್ಚು ವಿಮಾನದ ಹೊಟ್ಟೆಯ ಕೆಳಗೇ ಕಳೆದೆ. ನನ್ನ ಕೆಲಸ ವಿಮಾನಕ್ಕೆ ಆಯುಧ ಹಚ್ಚುವುದು, ಇಳಿಸುವುದು, ಹಚ್ಚಿದ್ದು ಸರಿಯಾಗಿದೆಯೋ ನೋಡುವುದು. ಊರಲ್ಲಿ ಕೇಳಿದವರಿಗೆ ‘ಬಾಂಬ್ ಕಟ್ಟುವವ’ ಅಂತ ಹೇಳಿ ಮುಗಿಸುತ್ತಿದ್ದೆ. ಮೊದಲು ಗೋವಾದ ದಾಬೋಳಿಯಲ್ಲಿ ರಷ್ಯಾದ ಐಎಲ್-38, ಕೊನೆಯ ಕೆಲವು ವರ್ಷ ತಮಿಳುನಾಡಿನ ಅರಕ್ಕೋಣಂನಲ್ಲಿ. ಎರಡೂ ಕಡೆ ಇದ್ದದ್ದು ಕಡಲ ಮೇಲೆ ಗಂಟೆಗಟ್ಟಲೆ ಗಸ್ತು ತಿರುಗುವ, ಜಲಾಂತರ್ಗಾಮಿ ಹುಡುಕುವ ದೊಡ್ಡ ವಿಮಾನಗಳು. ಆದ್ದರಿಂದ ಭಾಷಣದ ಬದಲು ಅಂಥದೊಂದನ್ನು ಕಟ್ಟಿಗೆಯಲ್ಲಿ ಮಾಡಿ, ಬಾಗಿಲು ತೆಗೆದು, ಒಳಗೆ ಏನಿರುತ್ತದೆ ಅಂತ ಕೈಯಿಂದ ಮುಟ್ಟಿಸಿ ತೋರಿಸೋಣ ಅಂದುಕೊಂಡೆ.

ಯಾವ ವಿಮಾನ? ಕೈಗೆ ಗೊತ್ತಿದ್ದದ್ದು ಐಎಲ್-38. ಕಣ್ಣು ಮುಚ್ಚಿದರೂ ಅದರ ಹೊಟ್ಟೆಯ ಒಂದೊಂದು ಕೊಂಡಿ ನೆನಪಿದೆ. ಆದರೆ ಪೆನ್ಸಿಲ್ ಹಿಡಿದು ಕೂತರೆ 2002ರ ಅಕ್ಟೋಬರ್ 1 ಎದುರಿಗೆ ಬರುತ್ತದೆ. ನಮ್ಮ 315ನೇ ಸ್ಕ್ವಾಡ್ರನ್ ಹುಟ್ಟಿ ಆ ದಿನಕ್ಕೆ ಇಪ್ಪತ್ತೈದು ವರ್ಷ. ಸಂಭ್ರಮಕ್ಕೆ ಜೋಡಿಯಾಗಿ ಹಾರಿದ ಎರಡು ಐಎಲ್-38 ಆಕಾಶದಲ್ಲೇ ತಾಗಿಕೊಂಡವು. ಎರಡರಲ್ಲೂ ಇದ್ದ ಹನ್ನೆರಡೂ ಮಂದಿ ಹೋದರು, ಕೆಳಗೆ ನೆಲದ ಮೇಲಿದ್ದವರೂ ಸತ್ತರು. ನಾನು ಆಗ ರಜೆಯ ಮೇಲೆ ಊರಲ್ಲಿದ್ದೆ, ಸಂಜೆಯ ವಾರ್ತೆಯಲ್ಲಿ ಕೇಳಿದೆ. ಅದನ್ನು ಆಟಿಕೆಯಾಗಿ ಮಾಡಲು ಕೈ ಏಳಲಿಲ್ಲ. 2013ರ ಮೇ 15ಕ್ಕೆ ಅರಕ್ಕೋಣಂನಲ್ಲಿ ಬಂದಿಳಿದ ಅಮೆರಿಕದ ಗಸ್ತು ವಿಮಾನ ಪಿ-8ಐ ಮಾಡುವುದು ಅಂತ ಗಟ್ಟಿ ಮಾಡಿದೆ. ಅದು ಬಂದಾಗ ಹೊಸ ಮದುಮಗಳನ್ನು ನೋಡುವ ಹಾಗೆ ನಾವೆಲ್ಲ ಸುತ್ತ ನಿಂತಿದ್ದೆವು.

ನಮ್ಮ ಓಣಿಯ ಬಡಿಗೇರ ಕಾಕಾ ಅವರ ಕಾರ್ಖಾನೆಗೆ ಅಳತೆ ಹಿಡಿದು ಹೋದೆ. ಕಾರ್ಖಾನೆ ಅಂದರೆ ಒಂದು ತಗಡಿನ ಶೆಡ್ಡು, ಎರಡು ಗರಗಸ, ಮಂಚದ ಕಾಲು ಮತ್ತು ಲಟ್ಟಣಿಗೆ ತಿರುವುವ ಒಂದು ಹಳೆಯ ಲೇತು. ನಿಜವಾದ ವಿಮಾನ ಮೂವತ್ತೊಂಬತ್ತೂವರೆ ಮೀಟರ್ ಉದ್ದ, ರೆಕ್ಕೆಯ ತುದಿಯಿಂದ ತುದಿಗೆ ಮೂವತ್ತೇಳೂವರೆ ಮೀಟರ್ ಚಿಲ್ಲರೆ. ಇಪ್ಪತ್ತರಲ್ಲಿ ಒಂದು ಪಾಲು ಮಾಡಿದರೆ ಉದ್ದ 197 ಸೆಂಟಿಮೀಟರ್, ರೆಕ್ಕೆ 188. ಕಾಕಾ ಟೇಪು ಎಳೆದು ನೋಡಿ, ‘ಇದು ಆಟದ ಸಾಮಾನಲ್ಲೋ ತಮ್ಮಾ, ಶವದ ಪೆಟ್ಟಿಗಿ ಆಗ್ತೈತಿ’ ಅಂದರು. ಪ್ಲೈವುಡ್ಡಿನ ಪಕ್ಕೆಲುಬು ಮಾಡಿ ಮೇಲೆ ತೆಳು ಹಾಳೆ ಸುತ್ತುವುದು, ಆಯುಧಗಳಿಗೆ ಮಾತ್ರ ಹಾಲವಾಣದ ಕಟ್ಟಿಗೆ ಅಂತ ಒಪ್ಪಂದವಾಯಿತು. ಹಾಲವಾಣ ಹಗುರ, ಉಳಿಗೆ ಬೆಣ್ಣೆಯಂತೆ ಬರುತ್ತದೆ.

ನಕ್ಷೆ ನೋಡುತ್ತಲೇ ಕಾಕಾಗೆ ಅನುಮಾನ. ‘ಇದು ಮಂದಿ ಕುಂತು ಹೋಗೂ ವಿಮಾನ ಅಲ್ಲೇನು? ನನ್ನ ಮಗ ದಿಲ್ಲಿಗಿ ಹೋದಾಗ ಇಂಥಾದ್ದರಾಗ ಹೋಗಿದ್ದ.’ ಹೌದು. ಮೈ ಬೋಯಿಂಗ್ 737-800ರದು, ರೆಕ್ಕೆ 900ರದು, ಬೇಕಾದ ಕಡೆಯೆಲ್ಲ ಬಲ ಕೊಟ್ಟಿದ್ದಾರೆ. ಐಎಲ್-38 ಕೂಡ ಹಾಗೇ, ಐಎಲ್-18 ಎಂಬ ಪ್ರಯಾಣಿಕ ವಿಮಾನದಿಂದ ಹುಟ್ಟಿದ್ದು. ಗಸ್ತು ವಿಮಾನಕ್ಕೆ ಬೇಕಾಗಿರುವುದು ಯುದ್ಧ ವಿಮಾನದ ಚುರುಕಲ್ಲ. ದಡದಿಂದ ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕಿ ಹೋಗಿ, ಅಲ್ಲಿ ನಾಲ್ಕು ತಾಸು ಸುತ್ತಿ, ಮತ್ತೆ ಮನೆಗೆ ಬರುವಷ್ಟು ಎಣ್ಣೆ, ಒಳಗೆ ಪರದೆಯ ಮುಂದೆ ಕೂರುವವರಿಗೆ ಬೆನ್ನು ಮುರಿಯದಷ್ಟು ಜಾಗ. ಅದೆರಡೂ ಇರುವುದು ಮಂದಿ ಹೊರುವ ವಿಮಾನದಲ್ಲಿ.

ಇಲ್ಲೇ ನಾನು ಮೊದಲ ತಪ್ಪು ಮಾಡಿದ್ದು. ಹೊಟ್ಟೆಯ ಬಾಗಿಲು ಎಲ್ಲಿ ಕೊರೆಯಬೇಕು ಅಂತ ಕಾಕಾ ಕೇಳಿದಾಗ, ಚಹಾ ಕುಡಿಯುತ್ತಾ ಸುಣ್ಣದ ಕಡ್ಡಿಯಿಂದ ರೆಕ್ಕೆಯ ಮುಂದೊಂದು, ಹಿಂದೊಂದು ಗೆರೆ ಎಳೆದೆ. ಕಾಕಾ ಮುಂದಿನದನ್ನು ಕೊರೆದೂ ಬಿಟ್ಟರು. ರಾತ್ರಿ ಮಲಗಿದಾಗ ಹೊಳೆಯಿತು. ನಾನು ಎಳೆದದ್ದು ಐಎಲ್-38ರ ಹೊಟ್ಟೆ! ಅದರಲ್ಲಿ ರೆಕ್ಕೆಯ ಆಚೆ ಈಚೆ ಎರಡು ಆಯುಧದ ಕೋಣೆ. ಪಿ-8ರಲ್ಲಿ ರೆಕ್ಕೆಯ ಹಿಂದೆ ಒಂದೇ ಕೋಣೆ, ಅದರಲ್ಲಿ ಐದು ಆಯುಧಕ್ಕೆ ಜಾಗ. ಹದಿನೈದು ವರ್ಷ ಕೈ ಮಾಡಿದ ಅಭ್ಯಾಸ ಕಣ್ಣಿಗೆ ಕಟ್ಟಿಬಿಟ್ಟಿತ್ತು. ಮರುದಿನ ಹೋಗಿ ಹೇಳಿದರೆ ಕಾಕಾ ಬೈಯಲಿಲ್ಲ, ಕೊರೆದ ತುಂಡನ್ನೇ ವಾಪಸ್ ಕೂಡಿಸಿ, ಗರಗಸದ ಪುಡಿಗೆ ಫೆವಿಕಾಲ್ ಕಲಸಿ ಸಂದಿ ತುಂಬಿದರು. ಬಣ್ಣ ಹೊಡೆದ ಮೇಲೂ ಆ ತೇಪೆ ಎಲ್ಲಿದೆ ಅಂತ ನನಗೆ ಕಾಣುತ್ತದೆ.

ಕೋಣೆ ಒಂದೋ ಎರಡೋ ಅನ್ನುವುದು ಬರೀ ಆಕಾರದ ಮಾತಲ್ಲ. ಐಎಲ್-38ರಲ್ಲಿ ಸಮುದ್ರಕ್ಕೆ ಬಿಟ್ಟು ನೀರೊಳಗಿನ ಸದ್ದು ಕೇಳುವ ಸೋನೊಬಾಯ್‌ಗಳೂ ಅದೇ ಕೋಣೆಗಳಲ್ಲಿ ತೂಗುತ್ತಿದ್ದವು, ನೀರಲ್ಲಿ ಓಡಿ ಜಲಾಂತರ್ಗಾಮಿಗೆ ಹೊಡೆಯುವ ಟಾರ್ಪಿಡೊ ಕೂಡ ಅಲ್ಲೇ. ಹುಡುಕುವ ಸಾಮಾನು ಹೆಚ್ಚು ಹೊತ್ತರೆ ಹೊಡೆಯುವ ಸಾಮಾನಿಗೆ ಜಾಗ ಇಲ್ಲ. ಹೊರಡುವ ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. ಪಿ-8ರಲ್ಲಿ ಆ ಜಗಳ ಬಗೆಹರಿದಿದೆ. ಬಾಯ್‌ಗಳನ್ನು ಕ್ಯಾಬಿನ್ನಿನ ಹಿಂಭಾಗದಲ್ಲಿ ಇಟ್ಟುಕೊಂಡು, ರಿವಾಲ್ವರಿನಂತೆ ತಿರುಗುವ ಲಾಂಚರಿನಿಂದ ಒಂದೊಂದೇ ಕೆಳಗೆ ಬಿಡುತ್ತಾರೆ. ಹೊಟ್ಟೆಯ ಕೋಣೆ ಪೂರಾ ಆಯುಧಕ್ಕೆ.

ಟಾರ್ಪಿಡೊ ತಿರುವುವ ದಿನ ಕಾಕಾಗೆ ನಿಜವಾಗಿ ಬೇಸರವಾಯಿತು. ಪಿ-8ಐ ಹೊರುವ ಎಂಕೆ-54 ಟಾರ್ಪಿಡೊ 2.72 ಮೀಟರ್ ಉದ್ದ, 324 ಮಿಲಿಮೀಟರ್ ದಪ್ಪ. ನಮ್ಮ ಅಳತೆಗೆ ಹದಿಮೂರೂವರೆ ಸೆಂಟಿಮೀಟರ್ ಉದ್ದ, ಒಂದೂವರೆ ಸೆಂಟಿಮೀಟರಿಗಿಂತ ತುಸು ದಪ್ಪ. ಕೈಯಲ್ಲಿ ಹಿಡಿದು, ‘ಇಷ್ಟು ದೊಡ್ಡ ವಿಮಾನಕ್ಕ ಇಷ್ಟs ಏನು? ಸಣ್ಣ ಹುಡುಗ್ಯಾರು ಆಡೂ ಲಟ್ಟಣಿಗಿ ಇದ್ದಂಗ ಐತಿ’ ಅಂದರು. ತೂಕ ಹೇಳಿದೆ: 276 ಕೆಜಿ, ಅಂದರೆ ಐದೂವರೆ ಸಿಮೆಂಟ್ ಚೀಲ. ಅದರಲ್ಲಿ ಸಿಡಿಮದ್ದು 44 ಕೆಜಿ, ಒಂದು ಚೀಲವೂ ತುಂಬುವುದಿಲ್ಲ. ‘ಅಷ್ಟರಾಗ ಜಲಾಂತರ್ಗಾಮಿ ಮುಳಗತೈತಿ?’ ‘ಅದು ಮೊದಲs ಮುಳಗೇ ಇರ್ತೈತಿ ಕಾಕಾ’ ಅಂದೆ. ಅವರು ನಗಲಿಲ್ಲ, ಉತ್ತರಕ್ಕೆ ಕಾದರು.

ಉತ್ತರ ಇಷ್ಟೇ. ನೀರಲ್ಲಿ ಹತ್ತು ಮೀಟರ್ ಇಳಿದಂತೆಲ್ಲ ಮೈ ಮೇಲೆ ಗಾಳಿಯ ಒತ್ತಡದಷ್ಟು ಇನ್ನೊಂದು ಒತ್ತಡ ಕೂಡುತ್ತದೆ. ಇನ್ನೂರು ಮೀಟರ್ ಆಳದಲ್ಲಿ ಒಂದೊಂದು ಚದರ ಸೆಂಟಿಮೀಟರಿನ ಮೇಲೂ ಇಪ್ಪತ್ತು ಕೆಜಿ ಒತ್ತುತ್ತಿರುತ್ತದೆ. ಗಾಳಿಯಂತೆ ನೀರು ಹಿಚುಕಿಕೊಳ್ಳುವುದಿಲ್ಲ, ಸಿಡಿತದ ಏಟನ್ನು ಕಡಿಮೆ ಮಾಡದೆ ಹಾಗೇ ದಾಟಿಸುತ್ತದೆ. ಮೈಗೆ ತಾಗಿ ಸಿಡಿದು ಒಂದು ಬಿರುಕು ಬಿಟ್ಟರೆ ಸಾಕು, ಉಳಿದ ಕೆಲಸ ಸಮುದ್ರವೇ ಮಾಡುತ್ತದೆ. ಹಡಗು ಮತ್ತು ಜಲಾಂತರ್ಗಾಮಿಗಳು ಬಿಡುವ 533 ಮಿಲಿಮೀಟರಿನ ಭಾರಿ ಟಾರ್ಪಿಡೊ ಬೇರೆ, ಅದನ್ನು ನಮ್ಮ ವಿಮಾನ ಹೊರುವುದಿಲ್ಲ.

ಆಮೇಲೆ ಕಾಕಾ ಕೇಳಿದ್ದು, ಮೇಲಿಂದ ಬಿದ್ದರೆ ಒಡೆದು ಹೋಗುವುದಿಲ್ಲವೇ ಅಂತ. ಸರಿಯಾದ ಪ್ರಶ್ನೆ. ಬಾವಿಯ ದಂಡೆಯಿಂದ ಹೊಟ್ಟೆ ಕೊಟ್ಟು ಬಿದ್ದವರಿಗೆ ನೀರು ಎಷ್ಟು ಗಟ್ಟಿ ಅಂತ ಗೊತ್ತು. ಟಾರ್ಪಿಡೊದ ಬಾಲಕ್ಕೆ ಪ್ಯಾರಾಚೂಟ್ ಇರುತ್ತದೆ. ಅದು ವೇಗ ಕಡಿಮೆ ಮಾಡಿ ಮೂತಿ ಕೆಳಗೆ ಮಾಡಿ ನೀರಿಗಿಳಿಸುತ್ತದೆ, ನೀರು ಮುಟ್ಟಿದ ಮೇಲೆ ಕಳಚಿ ಹೋಗುತ್ತದೆ. ಆಮೇಲೆ ಇಂಜಿನ್ನು ಹೊತ್ತಿಕೊಂಡು, ತಾನೇ ಕೂಗು ಹಾಕಿ ಮರುದನಿ ಕೇಳುತ್ತಾ ಸುತ್ತು ಹಾಕಿ ಹುಡುಕುತ್ತದೆ. ಸಿಕ್ಕಿದರೆ ಗಂಟೆಗೆ ಎಪ್ಪತ್ತು ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಬೆನ್ನು ಹತ್ತುತ್ತದೆ. ಎಂಕೆ-54ರ ಇಂಜಿನ್ನು ಮತ್ತು ಮದ್ದು ಹಳೆಯ ಎಂಕೆ-46ರದು, ಹುಡುಕುವ ಬುದ್ಧಿ ಎಂಕೆ-50ರದು. ಮನೆ ಹಳೇದು, ವೈರಿಂಗ್ ಹೊಸದು ಅಂದೆ. ಅದು ಕಾಕಾಗೆ ತಕ್ಷಣ ತಿಳಿಯಿತು.

ಇಂಥ ತಾನೇ ಹುಡುಕುವ ಟಾರ್ಪಿಡೊ ವಿಮಾನದಿಂದ ಮೊದಲು ಬಿದ್ದದ್ದು 1943ರ ಮೇ ತಿಂಗಳಲ್ಲಿ. ಗುಟ್ಟು ಕಾಯಲಿಕ್ಕೆ ಅಮೆರಿಕದವರು ಅದನ್ನು ‘ಎಂಕೆ-24 ಮೈನ್’ ಅಂತ ಕರೆದರು, ಹುಡುಗರ ಬಾಯಲ್ಲಿ ಅದು ‘ಫೈಡೊ’, ನಾಯಿಯ ಹೆಸರು. ಅದಕ್ಕೂ ಮುಂಚೆ ಇದ್ದದ್ದು ಡೆಪ್ತ್ ಚಾರ್ಜ್, ಇಷ್ಟು ಆಳಕ್ಕೆ ಹೋದ ಮೇಲೆ ಸಿಡಿ ಅಂತ ಕಟ್ಟಿದ ಮದ್ದಿನ ಡಬ್ಬಿ. ಅದರದೊಂದು ಕಥೆ ನನಗೆ ತುಂಬ ಇಷ್ಟ. ಕೊಚ್ಚಿಯಲ್ಲಿ ತರಬೇತಿಯ ಹೊತ್ತಿನಲ್ಲಿ ಒಬ್ಬ ಚೀಫ್ ಹೇಳಿದ್ದು, ಆಮೇಲೆ ನಾನೇ ಓದಿ ಖಾತ್ರಿ ಮಾಡಿಕೊಂಡೆ. 1941ರಲ್ಲಿ ಬ್ರಿಟಿಷರ ಗಸ್ತು ವಿಮಾನಗಳು ಜರ್ಮನ್ ಯು-ಬೋಟು ಜಲಾಂತರ್ಗಾಮಿಗಳ ಮೇಲೆ ಡೆಪ್ತ್ ಚಾರ್ಜ್ ಹಾಕುತ್ತಿದ್ದವು, ನೂರು ಅಡಿಯಷ್ಟು ಆಳ ಇಳಿದ ಮೇಲೆ ಸಿಡಿಯುವಂತೆ. ಜಲಾಂತರ್ಗಾಮಿ ಆಳದಲ್ಲಿರುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿದ್ದ ಮಾತು. ಲೆಕ್ಕದ ಮಂದಿ ಬಂದರು. ಅವರ ಮುಖಂಡ ಬ್ಲ್ಯಾಕೆಟ್ ಎಂಬ ವಿಜ್ಞಾನಿ, ಈ ಲೆಕ್ಕ ಕೂತು ಮಾಡಿದವನು ವಿಲಿಯಮ್ಸ್ ಎಂಬ ಭೌತವಿಜ್ಞಾನಿ. ಅವನು ಕೇಳಿದ ಪ್ರಶ್ನೆ ಬಡಿಗೇರ ಕಾಕಾ ಕೇಳುವಂಥದ್ದೇ: ವಿಮಾನ ಕಂಡು ಮುಳುಗಿದ ದೋಣಿ, ವಿಮಾನ ತಲೆ ಮೇಲೆ ಬರುವಷ್ಟರಲ್ಲಿ ಎಷ್ಟು ಆಳ ಹೋಗಿರುತ್ತದೆ? ಬಹಳ ಹೊತ್ತು ಸಿಕ್ಕಿದ್ದರೆ ಆಳ ಹೋಗಿರುತ್ತದೆ ನಿಜ, ಆದರೆ ಆಗ ಅದು ಎಲ್ಲಿದೆ ಅಂತಲೇ ಗೊತ್ತಿರುವುದಿಲ್ಲ, ಹಾಕಿದ್ದು ದಂಡ. ಎಲ್ಲಿದೆ ಅಂತ ಕಣ್ಣಿಗೆ ಕಾಣುವಾಗ ಅದು ಇನ್ನೂ ಮೇಲೇ ಇದೆ, ಚಾರ್ಜ್ ಮಾತ್ರ ಅದನ್ನು ದಾಟಿ ಕೆಳಗೆ ಹೋಗಿ ಸಿಡಿಯುತ್ತದೆ. ಆಳವನ್ನು 25 ಅಡಿಗೆ ತನ್ನಿ ಅಂದ. ತಂದರು. ಹೊಡೆತ ಎಷ್ಟು ಹೆಚ್ಚಿತೆಂದರೆ, ಸೆರೆಸಿಕ್ಕ ಜರ್ಮನ್ ನಾವಿಕರು ಇವರು ಹೊಸ ಮದ್ದು ಕಂಡುಹಿಡಿದಿದ್ದಾರೆ ಅಂದುಕೊಂಡಿದ್ದರಂತೆ. ಮದ್ದು ಅದೇ ಹಳೇದು. ಇದೇ ಬ್ಲ್ಯಾಕೆಟ್ ಮುಂದೆ ನೊಬೆಲ್ ಪಡೆದ, ಸ್ವಾತಂತ್ರ್ಯ ಬಂದ ಹೊಸತಿನಲ್ಲಿ ರಕ್ಷಣಾ ಸಂಶೋಧನೆಯ ವಿಷಯಕ್ಕೆ ನೆಹರೂ ಅವರಿಗೆ ಸಲಹೆಯನ್ನೂ ಕೊಟ್ಟ.

ಕಾಕಾ ಇದನ್ನು ಕೇಳಿ, ‘ಮಳಿ ಅಷ್ಟs ಉದ್ದ ಹೊಡೀಬೇಕು, ಕಟಗಿ ಎಷ್ಟು ದಪ್ಪ ಐತಿ ನೋಡಿ’ ಅಂದು ಲೇತಿನ ಕಡೆ ತಿರುಗಿದರು.

ಮನೆಯಿಂದ ಕಾರ್ಖಾನೆಗೆ ಹೋಗುವ ದಾರಿಯಲ್ಲಿ ಮಲಿಕ್-ಎ-ಮೈದಾನ ತೋಪು ಸಿಗುತ್ತದೆ. ಐವತ್ತೈದು ಟನ್ನಿನ ಕಂಚು, 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು. ಬತ್ತಿಗೆ ಕಿಚ್ಚಿಟ್ಟ ಗೋಲಂದಾಜ ಕಿವಿ ಉಳಿಸಿಕೊಳ್ಳಲು ಪಕ್ಕದ ನೀರಿನ ತೊಟ್ಟಿಗೆ ಜಿಗಿಯುತ್ತಿದ್ದ ಅಂತ ಗೈಡುಗಳು ಹೇಳುತ್ತಾರೆ. ಖರೆಯೋ ಸುಳ್ಳೋ, ಆ ಮಾತು ಕೇಳಿದಾಗಲೆಲ್ಲ ನನಗೆ ಅವನ ಮೇಲೆ ಪ್ರೀತಿ. ನಮ್ಮ ಕಸುಬಿನವನು. ತೋಪು ಹಾರಿಸುವ ಗಡಿಬಿಡಿಯಲ್ಲೂ ತಾನು ಎಲ್ಲಿ ನಿಲ್ಲಬೇಕು ಅಂತ ಯೋಚಿಸಿದವನು.

ಆಯುಧ ಹಚ್ಚುವ ಕೆಲಸ ನೋಡಲಿಕ್ಕೆ ಬೇಸರ ತರಿಸುವಂಥದ್ದು. ಸಿನಿಮಾದಲ್ಲಿ ತೋರಿಸುವ ಹಾಗೆ ಓಡಾಟ ಇಲ್ಲ. ವಿಮಾನವನ್ನು ಮೊದಲು ನೆಲಕ್ಕೆ ಅರ್ಥಿಂಗ್ ಮಾಡಬೇಕು. ಟ್ರಾಲಿ ನಡಿಗೆಯ ವೇಗದಲ್ಲಿ ಬರಬೇಕು. ಸುತ್ತಮುತ್ತ ರೇಡಿಯೊ, ವೈರ್‌ಲೆಸ್ ಬಂದ್, ಯಾಕೆಂದರೆ ಆಯುಧ ಬಿಡಿಸುವ ಕೊಂಡಿಯಲ್ಲಿ ವಿದ್ಯುತ್ತಿನಿಂದ ಹೊತ್ತುವ ಸಣ್ಣ ಮದ್ದು ಇರಬಹುದು, ಅದಕ್ಕೆ ಎಲ್ಲಿಂದಲೋ ಬಂದ ಅಲೆ ಸಾಕು. ತಂತಿ ಕೂಡಿಸುವ ಮೊದಲು ಅದರಲ್ಲಿ ಕರೆಂಟ್ ಇಲ್ಲ ಅಂತ ಮೀಟರ್ ಹಚ್ಚಿ ನೋಡಬೇಕು. ಸ್ವಿಚ್ ಆಫ್ ಇದೆ ಅನ್ನುವ ಮಾತನ್ನು ನಂಬಬಾರದು. ಎತ್ತಿ ಕೊಂಡಿಗೆ ಕೂಡಿಸಿ, ಅಲುಗದಂತೆ ಎರಡೂ ಬದಿಯ ತಿರುಪು ಬಿಗಿದು, ಕೊಂಡಿ ಕಚ್ಚಿದೆಯೋ ಇಲ್ಲವೋ ಒಬ್ಬ ನೋಡಿ, ಇನ್ನೊಬ್ಬ ಮತ್ತೆ ನೋಡಿ, ಒಬ್ಬ ಓದಿ ಇನ್ನೊಬ್ಬ ಹೂಂ ಅಂದು ಮುಂದಿನ ಸಾಲಿಗೆ ಹೋಗಬೇಕು. ಹಚ್ಚಿದ ಪ್ರತಿಯೊಂದಕ್ಕೂ ಸೇಫ್ಟಿ ಪಿನ್ನು, ಪಿನ್ನಿಗೆ ಕೆಂಪು ಪಟ್ಟಿ. ಹಾರುವ ಮೊದಲು ಪಿನ್ನು ಕಿತ್ತು ಕೈಯಲ್ಲಿ ಎಣಿಸಿ ತೋರಿಸಬೇಕು.

ಒಂದು ರಾತ್ರಿ ಎಣಿಸಿದಾಗ ಒಂದು ಪಿನ್ನು ಕಡಿಮೆ. ಪಿನ್ನು ಕಡಿಮೆ ಅಂದರೆ ಎರಡೇ ಅರ್ಥ: ಒಂದೋ ಅದು ಇನ್ನೂ ಆಯುಧದಲ್ಲಿದೆ, ಬಿಟ್ಟರೂ ಆ ಆಯುಧ ಕಲ್ಲಿನಂತೆ ಮುಳುಗುತ್ತದೆ, ಇಲ್ಲಾ ವಿಮಾನದೊಳಗೆ ಎಲ್ಲೋ ಬಿದ್ದಿದೆ, ಯಾವ ಬಾಗಿಲಿಗೆ, ಯಾವ ತಂತಿಗೆ ಸಿಕ್ಕಿಕೊಳ್ಳುತ್ತದೋ ದೇವರೇ ಬಲ್ಲ. ವಿಮಾನ ನಿಂತಿತು. ಎಲ್ಲ ಆಯುಧ ಮತ್ತೆ ನೋಡಿದೆವು, ಕೋಣೆ ಬ್ಯಾಟರಿ ಹಿಡಿದು ಜಾಲಾಡಿದೆವು, ನೆಲ ಗುಡಿಸಿದೆವು. ಮೂರು ತಾಸು. ಸಿಕ್ಕಿದ್ದು ನನ್ನ ಡಾಂಗ್ರಿಯ ಕಿಸೆಯ ಹರಿದ ಅಸ್ತರಿನ ಒಳಗೆ, ಮೊಣಕಾಲ ಹತ್ತಿರ. ಯಾರೂ ಬೈಯಲಿಲ್ಲ, ಅದೇ ಹೆಚ್ಚು ನೋಯಿಸಿತು. ಮರುದಿನ ಮೇಲಿನವರು ಒಂದು ಸೂಜಿ ದಾರ ತಂದು ನನ್ನ ಕೈಗೆ ಕೊಟ್ಟರು, ಅಷ್ಟೇ. ಇವತ್ತಿಗೂ ಹೊಸ ಪ್ಯಾಂಟು ಹೊಲಿಸಿದರೆ ಮೊದಲು ಕಿಸೆಯೊಳಗೆ ಕೈ ಹಾಕಿ ಎಳೆದು ನೋಡುತ್ತೇನೆ.

ಮಾದರಿಗೂ ಕೆಂಪು ಪಟ್ಟಿ ಬೇಕು ಅಂತ ಮಗಳ ಜಡೆಯ ರಿಬ್ಬನ್ ಕತ್ತರಿಸಿದೆ. ಅದಕ್ಕೆ ಮನೆಯಲ್ಲಿ ಆದ ಜಗಳ ಇಲ್ಲಿ ಬೇಡ.

ಅರ್ಧ ಕೆಲಸ ಆದಾಗ ಹೆಡ್ ಮಾಸ್ತರು ನೋಡಲು ಬಂದರು. ಸುತ್ತ ಒಂದು ಪ್ರದಕ್ಷಿಣೆ ಹಾಕಿ, ‘ಮಿಸೈಲ್ ಎಲ್ಲಿ ಅದಾವ್ರಿ?’ ಅಂದರು. ರೆಕ್ಕೆಯ ಕೆಳಗೆ ಆಯುಧ ತೂಗುವ ನಾಲ್ಕು ಪೈಲಾನ್ ತೋರಿಸಿದೆ. ಅಲ್ಲಿ ಬರುವುದು ಹಾರ್ಪೂನ್, ಹಡಗು ಹೊಡೆಯುವ ಕ್ಷಿಪಣಿ. ಮೂರು ಮುಕ್ಕಾಲು ಮೀಟರಿಗಿಂತ ತುಸು ಉದ್ದ, ನಮ್ಮ ಅಳತೆಗೆ ಹತ್ತೊಂಬತ್ತು ಸೆಂಟಿಮೀಟರ್. ತೂಕ ಹತ್ತೂವರೆ ಸಿಮೆಂಟ್ ಚೀಲ, ಸಿಡಿತಲೆ ಒಂದೇ 221 ಕೆಜಿ. ಬಿಟ್ಟ ಮೇಲೆ ಪುಟ್ಟ ಜೆಟ್ ಇಂಜಿನ್ನು ಹೊತ್ತಿಸಿಕೊಂಡು ಅಲೆಗಳನ್ನು ಸವರುವಷ್ಟು ಕೆಳಗೆ ಹಾರಿ ನೂರಿಪ್ಪತ್ತು ಕಿಲೋಮೀಟರಿಗೂ ದೂರ ಹೋಗುತ್ತದೆ. ಹೆಡ್ ಮಾಸ್ತರಿಗೆ ಖುಷಿಯಾಯಿತು. ‘ನಾಕs ಯಾಕ? ಎಂಟ ಹಚ್ರಿ, ಪೇಪರಿನವ್ರು ಬರ್ತಾರ, ಫೋಟೊದಾಗ ಭರ್ಜರಿ ಕಾಣ್ತೈತಿ.’ ಆಗಲ್ಲ ಸರ್ ಅಂದೆ. ರೆಕ್ಕೆಯ ಕೆಳಗೆ ನಾಲ್ಕು, ಹೊಟ್ಟೆಯ ಕೆಳಗೆ ಹೊರಗೆ ಎರಡು, ಒಳಗೆ ಐದು, ಒಟ್ಟು ಹನ್ನೊಂದೇ ಜಾಗ. ಅವರ ಮುಖ ಸಪ್ಪಗಾಯಿತು.

ಹೊರಗೆ ಹಚ್ಚುವುದಕ್ಕೆ ಬೆಲೆಯಿದೆ ಅನ್ನುವುದನ್ನು ಅವರಿಗೆ ಹೇಳಲು ಹೋಗಿ ಸೋತೆ. ಬೈಕಿನ ಎರಡೂ ಬದಿಗೆ ಹಾಲಿನ ಕ್ಯಾನ್ ಕಟ್ಟಿಕೊಂಡು ಹೋಗುವವನ ಪೆಟ್ರೋಲ್ ಲೆಕ್ಕ ಕೇಳಿ, ಗೊತ್ತಾಗುತ್ತದೆ. ರೆಕ್ಕೆಗೆ ತೂಗಿದ್ದು ಗಾಳಿಗೆ ಅಡ್ಡ, ಅಡ್ಡ ಬಂದಷ್ಟು ಎಣ್ಣೆ ಹೆಚ್ಚು, ಎಣ್ಣೆ ಹೋದಷ್ಟು ಸಮುದ್ರದ ಮೇಲೆ ಕಾಯುವ ಹೊತ್ತು ಕಡಿಮೆ. ಒಳಗಿನ ಕೋಣೆಯ ಬಾಗಿಲು ಮುಚ್ಚಿದರೆ ಗಾಳಿಗೆ ಏನೂ ಗೊತ್ತಾಗುವುದಿಲ್ಲ. ಆದ್ದರಿಂದಲೇ ಹುಡುಕಲು ಹೊರಟ ವಿಮಾನದ ರೆಕ್ಕೆಗಳು ಬರಿದಾಗಿ ಕಂಡರೆ ಅದು ನಿರಾಯುಧ ಅಂದುಕೊಳ್ಳಬಾರದು. ಹೊಟ್ಟೆಯ ಕೆಳಗಿನ ಎರಡು ಜಾಗ ನಾನು ಖಾಲಿಯೇ ಬಿಟ್ಟೆ.

ಈ ಗಸ್ತು ವಿಮಾನದವರ ಮೇಲೆ ಯಾರಾದರೂ ದಾಳಿಗೆ ಬಂದರೆ ಅಂತ ಕೇಳಿದವಳು ನನ್ನ ಮಗಳು. ಅದಕ್ಕೆ ಉತ್ತರ ಇತಿಹಾಸದಲ್ಲಿ ಚೆನ್ನಾಗಿಲ್ಲ. 1971ರ ಡಿಸೆಂಬರ್ 9ರ ರಾತ್ರಿ ದಿಯು ಹತ್ತಿರ ಪಾಕಿಸ್ತಾನದ ಹ್ಯಾಂಗೊರ್ ಜಲಾಂತರ್ಗಾಮಿ ನಮ್ಮ ಖುಕ್ರಿ ಯುದ್ಧನೌಕೆಯನ್ನು ಮುಳುಗಿಸಿತು. ಅದನ್ನು ಹುಡುಕಲು ಮರುದಿನ ಹೋದ ನಮ್ಮ ಆಲಿಝೆ ವಿಮಾನವನ್ನು ಪಾಕಿಸ್ತಾನದ ಸ್ಟಾರ್‌ಫೈಟರ್ ಯುದ್ಧ ವಿಮಾನ ಹೊಡೆದು ಬೀಳಿಸಿತು. ಪಂಖದ ವಿಮಾನ, ಕಣ್ಣೆಲ್ಲ ನೀರಿನ ಮೇಲೆ, ಬೆನ್ನ ಹಿಂದೆ ಯಾರೂ ಇಲ್ಲ. 1999ರ ಆಗಸ್ಟ್ 10ರಂದು ಕಛ್ ಬಳಿ ನಮ್ಮ ಮಿಗ್-21 ಅವರ ಅಟ್ಲಾಂಟಿಕ್ ಗಸ್ತು ವಿಮಾನವನ್ನು ಬೀಳಿಸಿದಾಗ ಅದರಲ್ಲಿದ್ದ ಹದಿನಾರು ಮಂದಿಯೂ ಹೋದರು. ಆ ದಿನ ಮೆಸ್ಸಿನಲ್ಲಿ ಕೆಲವರು ಚಪ್ಪಾಳೆ ತಟ್ಟಿದರು, ಗಸ್ತು ವಿಮಾನದಲ್ಲಿ ಹಾರುವವರು ಮಾತ್ರ ತಟ್ಟಲಿಲ್ಲ. 1982ರಲ್ಲಿ ಫಾಕ್‌ಲ್ಯಾಂಡ್ ಯುದ್ಧದ ಹೊತ್ತಿಗೆ ಬ್ರಿಟಿಷರು ತಮ್ಮ ನಿಮ್ರಾಡ್ ಗಸ್ತು ವಿಮಾನದ ರೆಕ್ಕೆಗೆ ಸೈಡ್‌ವಿಂಡರ್, ಅಂದರೆ ವಿಮಾನ ಹೊಡೆಯುವ ಕ್ಷಿಪಣಿ ಹಚ್ಚಿದ್ದುಂಟು. ಲಾರಿಗೆ ಕೊಂಬು ಕಟ್ಟಿದ ಹಾಗೆ. ಮಗಳಿಗೆ ಇಷ್ಟೇ ಹೇಳಿದೆ: ಅಂಥ ಕಡೆ ಒಬ್ಬರೇ ಹೋಗಬಾರದು.

ಇನ್ನು ಪೆನ್ಸಿಲ್ಲುಗಳ ವಿಷಯ. ಸೋನೊಬಾಯ್ ಅಂದರೆ ಮೂರು ಅಡಿ ಉದ್ದದ, ಸುಮಾರು ಹನ್ನೆರಡೂವರೆ ಸೆಂಟಿಮೀಟರ್ ದಪ್ಪದ ಕೊಳವೆ. ವಿಮಾನ ಬಿಟ್ಟ ಮೇಲೆ ಪುಟ್ಟ ಪ್ಯಾರಾಚೂಟಿನಲ್ಲಿ ಇಳಿದು ನೀರಿಗೆ ಬೀಳುತ್ತದೆ. ಮೇಲಿನ ಪಾಲು ರೇಡಿಯೊ ಕಡ್ಡಿ ಎತ್ತಿಕೊಂಡು ತೇಲುತ್ತದೆ, ಕಿವಿಯ ಪಾಲು ತಂತಿ ಬಿಚ್ಚಿಕೊಂಡು ಆಳಕ್ಕೆ ಇಳಿಯುತ್ತದೆ. ಕೇಳಿಸಿದ್ದನ್ನೆಲ್ಲ ಮೇಲೆ ಹೇಳುತ್ತದೆ. ಕೆಲವು ಸುಮ್ಮನೆ ಕೇಳುವಂಥವು, ಕೆಲವು ತಾವೇ ಕೂಗಿ ಮರುದನಿಗೆ ಕಾಯುವಂಥವು. ಗುಮ್ಮಟದ ಗ್ಯಾಲರಿಯಲ್ಲಿ ಒಂದು ಚಪ್ಪಾಳೆ ತಟ್ಟಿ ಏಳು ಸಲ ಕೇಳಿದ ಹುಡುಗರಿಗೆ ಇದರ ಕಷ್ಟವೂ ತಿಳಿಯುತ್ತದೆ: ಏಳರಲ್ಲಿ ಯಾವುದು ಗೋಡೆ, ಯಾವುದು ಮನುಷ್ಯ? ಸಮುದ್ರದಲ್ಲೂ ತಳ ಮರುದನಿ ಕೊಡುತ್ತದೆ, ಬಿಸಿನೀರು ತಣ್ಣೀರು ಸೇರುವ ಪದರ ದನಿಯನ್ನೇ ಬಗ್ಗಿಸುತ್ತದೆ. ಒಂದು ಬಾಯ್‌ನಿಂದ ಏನೂ ಆಗುವುದಿಲ್ಲ. ಸಾಲು ಸಾಲಾಗಿ, ಬಲೆ ಹಾಕಿದ ಹಾಗೆ ಹಾಕಬೇಕು. ಅದಕ್ಕೇ ಪಿ-8ರಲ್ಲಿ ನೂರಕ್ಕೂ ಹೆಚ್ಚು ಬಾಯ್ ಹೊರುತ್ತಾರೆ. ತುಟ್ಟಿಯ ಸಾಮಾನು: 2024ರಲ್ಲಿ ನಮಗೆ ಬಾಯ್‌ಗಳನ್ನೂ ಅದರ ಸಲಕರಣೆಗಳನ್ನೂ ಮಾರಲು ಅಮೆರಿಕ ಒಪ್ಪಿದ ಲೆಕ್ಕ 5.28 ಕೋಟಿ ಡಾಲರ್.

ಇಪ್ಪತ್ತರಲ್ಲಿ ಒಂದು ಪಾಲು ಅಂದರೆ ನಾಲ್ಕೂವರೆ ಸೆಂಟಿಮೀಟರ್ ಉದ್ದ, ಆರು ಮಿಲಿಮೀಟರ್ ದಪ್ಪ. ನೂರು ಕಡ್ಡಿ ತಿರುವಲು ಕಾಕಾಗೆ ವೇಳೆ ಇಲ್ಲ. ಹಾಗೆ ನೋಡುತ್ತಾ ಇರುವಾಗ ಮಗಳ ಕಂಪಾಸಿನಲ್ಲಿ ಕಂಡದ್ದು ಸವೆದ ಪೆನ್ಸಿಲ್. ಅಳೆದರೆ ಹೆಚ್ಚು ಕಡಿಮೆ ಅದೇ! ಪ್ರಾಥಮಿಕ ಶಾಲೆಯ ಹುಡುಗರಿಗೆ ಹೇಳಿ ಕಳಿಸಿದೆವು, ಗಿಡ್ಡ ಪೆನ್ಸಿಲ್ ತಂದುಕೊಟ್ಟವರ ಹೆಸರು ವಿಮಾನದ ಪಕ್ಕದ ಫಲಕದಲ್ಲಿ ಬರೆಯುತ್ತೇವೆ ಅಂತ. ಎರಡು ದಿನದಲ್ಲಿ ನೂರಾ ಹನ್ನೆರಡು ಬಂದವು. ಕೆಲವಕ್ಕೆ ಹಲ್ಲಿನ ಗುರುತು. ಬಿಳಿ ಬಣ್ಣ ಬಳಿದು ವಿಮಾನದ ಹಿಂಭಾಗದಲ್ಲಿ ಚೌಕುಳಿ ಗೂಡು ಮಾಡಿ ನಿಲ್ಲಿಸಿದೆ. ಮುಂದೆ ಹೊಟ್ಟೆಯ ಕೋಣೆಯಲ್ಲಿ ಐದು ಟಾರ್ಪಿಡೊ, ಹಿಂದೆ ನೂರಾ ಹನ್ನೆರಡು ಪೆನ್ಸಿಲ್. ಇಷ್ಟು ವರ್ಷ ಆ ಐದರ ಜೊತೆಗೇ ಕೆಲಸ ಮಾಡಿದ ನನಗೂ ಎರಡನ್ನೂ ಒಟ್ಟಿಗೆ ಒಂದೇ ಕಣ್ಣಲ್ಲಿ ನೋಡಿದ್ದು ಅದೇ ಮೊದಲು. ಬಾಲಕ್ಕೆ ಒಂದು ಕೋಲು ಸಿಕ್ಕಿಸಿದೆ. ಕಬ್ಬಿಣದ ದೊಡ್ಡ ಗಡ್ಡೆ ಭೂಮಿಯ ಕಾಂತತ್ವವನ್ನು ತುಸು ಕದಡುವುದನ್ನು ಮೂಸುವ ಯಂತ್ರ ಅದು. ನಮ್ಮ ಪಿ-8ಐಗೆ ಇದೆ, ಅಮೆರಿಕದವರ ಪಿ-8ಎಗೆ ಇಲ್ಲ. ಈ ಕೋಲು ಬಿಟ್ಟು ಮಾದರಿ ಮಾಡುವವರನ್ನು ಕಂಡರೆ ನನಗೆ ಸಿಟ್ಟು.

ಡಿಸೆಂಬರ್ 4ರಂದು ಟಂಟಂನಲ್ಲಿ ಹಾಸಿಗೆ ಹಾಸಿ ವಿಮಾನ ಮಲಗಿಸಿ ಶಾಲೆಗೆ ಒಯ್ದೆವು. ಗಾಂಧಿ ಚೌಕದಲ್ಲಿ ಟ್ರಾಫಿಕ್ಕಿನವ ನಿಲ್ಲಿಸಿ, ‘ನಮ್ಮೂರಿಗೆ ಅಂತೂ ವಿಮಾನ ಬಂತಲ್ರಿ’ ಅಂದ. ಶಾಲೆಯಲ್ಲಿ ಎಲ್ಲರೂ ಮೊದಲು ಮುಟ್ಟಿದ್ದು ಹಾರ್ಪೂನ್, ಆಮೇಲೆ ಬಾಗಿಲು ತೆಗೆದು ಟಾರ್ಪಿಡೊ. ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ಟಾರ್ಪಿಡೊ ಹಾಕಲು ಎಷ್ಟು ಕೆಳಗೆ ಬರಬೇಕು ಅಂತ ಕೇಳಿದಳು. ನಮ್ಮ ಕಾಲದಲ್ಲಿ ಅಲೆಯ ನೊರೆ ಎಣಿಸುವಷ್ಟು ಕೆಳಗೆ ಅಂದೆ. ಈಗ ಅಮೆರಿಕದವರು ಅದೇ ಎಂಕೆ-54ಕ್ಕೆ ರೆಕ್ಕೆ ಕಟ್ಟಿದ್ದಾರೆ, ಮೂವತ್ತು ಸಾವಿರ ಅಡಿ ಮೇಲಿಂದ ಬಿಟ್ಟರೂ ತೇಲುತ್ತಾ ಬಂದು, ನೀರಿನ ಹತ್ತಿರ ರೆಕ್ಕೆ ಕಳಚಿ, ಪ್ಯಾರಾಚೂಟು ಬಿಚ್ಚುತ್ತದೆ. ‘ಮತ್ತ ನೀವು ಎಷ್ಟ ಮಂದೀನ ಮುಳಗಿಸೀರಿ ಸರ್?’ ಇದು ಇನ್ನೊಬ್ಬನದು. ಒಬ್ಬರನ್ನೂ ಇಲ್ಲ. ನಾನು ಹಚ್ಚಿದ ಅಸಲಿ ಟಾರ್ಪಿಡೊಗಳಲ್ಲಿ ಶತ್ರುವಿನ ಮೇಲೆ ಬಿದ್ದದ್ದು ಒಂದೂ ಇಲ್ಲ. ಹಚ್ಚಿದ್ದನ್ನೆಲ್ಲ ಮತ್ತೆ ಇಳಿಸಿದ್ದೇನೆ. ಪಿ-8ಐಗಳು ದೊಕ್ಲಾಮ್ ಬಿಕ್ಕಟ್ಟಿನಲ್ಲಿ ಸಮುದ್ರವೇ ಇಲ್ಲದ ಹಿಮಾಲಯದ ಮೇಲೆ ಕಣ್ಣಿಟ್ಟವು. 2024ರ ಮಾರ್ಚಿನಲ್ಲಿ ಕಡಲ್ಗಳ್ಳರ ಕೈಯಿಂದ ರುಯೆನ್ ಹಡಗು ಬಿಡಿಸುವಾಗಲೂ ಮೇಲೆ ಸುತ್ತುತ್ತಿದ್ದವು. ಹುಡುಗನಿಗೆ ಇದು ಸಪ್ಪೆ ಅನ್ನಿಸಿತು, ಹಾರ್ಪೂನಿನ ಕಡೆ ಹೋದ.

ಸಂಜೆ ಸಾಮಾನು ಕಟ್ಟುವಾಗ ಎಣಿಸಿದೆ. ಟಾರ್ಪಿಡೊ ಐದು, ಹಾರ್ಪೂನ್ ನಾಲ್ಕು, ಕೆಂಪು ಪಟ್ಟಿ ಒಂಬತ್ತು. ಪೆನ್ಸಿಲ್ ನೂರಾ ಹನ್ನೊಂದು. ಮತ್ತೆ ಎಣಿಸಿದೆ, ಹನ್ನೊಂದೇ. ಮೊಣಕಾಲೂರಿ ಮೇಜಿನ ಕೆಳಗೆ, ಪರದೆಯ ಹಿಂದೆ ಹುಡುಕಿದೆ, ಕೈ ತಾನಾಗಿ ಕಿಸೆಯ ಅಸ್ತರಿಗೆ ಹೋಯಿತು. ಆಗ ಬಾಗಿಲ ಹತ್ತಿರ ಒಬ್ಬ ಪುಟ್ಟ ಹುಡುಗ, ಎರಡನೆಯ ಇಯತ್ತೆ ಇರಬೇಕು, ನೆಲದ ಮೇಲೆ ಕೂತು ಪಾಟಿಚೀಲ ತೊಡೆಯ ಮೇಲಿಟ್ಟು ಏನೋ ಬರೆಯುತ್ತಿದ್ದ. ಕೈಯಲ್ಲಿ ಬಿಳಿ ಬಣ್ಣದ ಪೆನ್ಸಿಲ್, ತುದಿ ಹೊಸದಾಗಿ ಕೆತ್ತಿದ್ದು. ‘ಇದು ನಂದs ಐತ್ರಿ’ ಅಂದ, ‘ನಾಳೆ ಕಾಪಿ ತೋರಸಬೇಕು.’

ಕಾಕಾ ಹಗ್ಗ ಬಿಗಿಯುತ್ತಾ ನನ್ನ ಕಡೆ ನೋಡಿದರು. ‘ಬಿಡೋ ತಮ್ಮಾ. ಒಂದು ಸಲ ಬಿಟ್ಟ ಬಾಯ್ ಹೊಳ್ಳಿ ಬರಂಗಿಲ್ಲ, ತಾಸು ಮುಗಿದ ಮ್ಯಾಲ ತಾನs ಮುಳಗತೈತಿ ಅಂತ ನೀನs ಹೇಳಿದ್ದಿಲ್ಲ? ನೂರಾ ಹನ್ನೊಂದು ಬರಕೋ, ಒಂದು ಬಿಟ್ಟದ್ದು ಅಂತ ಬರಕೋ.’

ಹಾಗೇ ಬರೆದುಕೊಂಡೆ.